ಯುರೋಪಿನ ಕಾಲುವೆ, ನದಿಗಳಲ್ಲಿ ದೋಣಿ ನಡೆಸಲು ಯಾವ ಪ್ರಮಾಣಪತ್ರ ಬೇಕು? ಐಸಿಸಿ, ಸೆವ್ನಿ, ಬಾಡಿಗೆ ದೋಣಿ

ಹರಿಗೋಲು:
ಎರಡು ಹಂತದ ಯೋಜನೆ ಇದೆ. ಮೊದಲು ಫ್ರಾನ್ಸಿನ ಕನಾಲ್ ದ್ಯು ಮಿದಿ ಕಾಲುವೆಯಲ್ಲಿ ಒಂದು ವಾರ, 12 ಮೀಟರಿನ ಬಾಡಿಗೆ ದೋಣಿ. ಕೈಗೆ ಹತ್ತಿದರೆ ಆಮೇಲೆ ನೆದರ್ಲೆಂಡ್ಸ್‌ನಲ್ಲಿ 17–18 ಮೀಟರಿನ ಹಳೆಯ ಉಕ್ಕಿನ ಬಾರ್ಜ್ ಕೊಂಡು ಬೆಲ್ಜಿಯಂ ಮೂಲಕ ಫ್ರಾನ್ಸಿಗೆ ತರುವುದು. ಬಾಡಿಗೆಗೂ ಲೈಸೆನ್ಸ್ ಬೇಕಾ? ಸ್ವಂತ ದೋಣಿಗೆ ಯಾವುದು? ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಪರೀಕ್ಷೆಗೆ ಕೂರಲು ಬಿಡುತ್ತಾರಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಲಂಗರು:
ಎಲ್ಲರೂ ಒಂದೊಂದು ಹೇಳುವುದಕ್ಕೆ ಕಾರಣ ಇದೆ. ಉತ್ತರ ನಿಂತಿರುವುದು ಮೂರು ವಿಷಯದ ಮೇಲೆ: ದೋಣಿಯ ಉದ್ದ ಮತ್ತು ವೇಗ, ಯಾವ ದೇಶದ ನೀರು, ಬಾಡಿಗೆಯೋ ಸ್ವಂತವೋ. ಈ ಮೂರನ್ನೂ ಹೇಳದೆ ಕೇಳಿದರೆ ಸಿಗುವ ಉತ್ತರ ಅರ್ಧ ಸರಿ, ಅರ್ಧ ತಪ್ಪು.

ಬಾಡಿಗೆ ಸುಲಭ. ಫ್ರಾನ್ಸಿನಲ್ಲಿ ಹಾಲಿಡೇ ಬೋಟ್ ಕೊಡುವ ಕಂಪನಿಯವರೇ ಜೆಟ್ಟಿಯಲ್ಲಿ ದೋಣಿ ತೋರಿಸಿ, ಸ್ವಲ್ಪ ದೂರ ನಿಮ್ಮ ಕೈಯಲ್ಲೇ ಓಡಿಸಿ, ಆ ಬಾಡಿಗೆ ಅವಧಿಗಷ್ಟೇ ನಡೆಯುವ ಚೀಟಿ ಬರೆದುಕೊಡುತ್ತಾರೆ. ರೂಢಿಯಲ್ಲಿ ಅದಕ್ಕೆ ಕಾರ್ತ್ ದ ಪ್ಲೆಸಾಂಸ್ ಎನ್ನುತ್ತಾರೆ. ಬೇರೆ ಲೈಸೆನ್ಸ್ ಬೇಡ. ಆ ಚೀಟಿ ಇನ್ನೊಂದು ದೋಣಿಗೆ, ಇನ್ನೊಂದು ವಾರಕ್ಕೆ ನಡೆಯುವುದಿಲ್ಲ.

ಜರ್ಮನಿಯಲ್ಲಿ ಮೆಕ್ಲೆನ್‌ಬುರ್ಗ್ ಸರೋವರಗಳಂಥ ಗೊತ್ತುಮಾಡಿದ ಜಲಮಾರ್ಗಗಳಲ್ಲಿ ಮಾತ್ರ ಇದೇ ಬಗೆಯ ಚಾರ್ಟರ್‌ಶೈನ್ ಸಿಗುತ್ತದೆ. ದೋಣಿ 15 ಮೀಟರ್ ಮೀರಬಾರದು, ವೇಗ ಗಂಟೆಗೆ 12 ಕಿ.ಮೀ. ದಾಟಬಾರದು, ಜನ 12ಕ್ಕಿಂತ ಹೆಚ್ಚಿರಬಾರದು, ತರಬೇತಿ ಕನಿಷ್ಠ 3 ಗಂಟೆ. ರೈನ್ ನದಿಗೆ ಇದನ್ನು ಹಿಡಿದುಕೊಂಡು ಹೋಗುವಂತಿಲ್ಲ.

ಕಾಲುವೆದಾರಿ:
ಸ್ವಂತ ದೋಣಿಗೆ ಐಸಿಸಿ, ಅಂದರೆ ವಿಹಾರ ದೋಣಿ ನಡೆಸುವವರ ಅಂತರರಾಷ್ಟ್ರೀಯ ಸಾಮರ್ಥ್ಯ ಪ್ರಮಾಣಪತ್ರ. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗ, ಅಂದರೆ ಯುಎನ್‌ಇಸಿಇ, 1998ರಲ್ಲಿ ತಂದ ನಿರ್ಣಯ 40ರಲ್ಲಿ ಇದರ ನಮೂನೆ ಇದೆ. ಆದರೆ ಕೊಡುವುದು ಯುಎನ್‌ಇಸಿಇ ಅಲ್ಲ, ಒಂದೊಂದು ದೇಶ ಒಪ್ಪಿಗೆ ಕೊಟ್ಟ ಸಂಸ್ಥೆ. ಬ್ರಿಟನ್ನಿನಲ್ಲಿ ಆರ್‌ವೈಎ (ರಾಯಲ್ ಯಾಟಿಂಗ್ ಅಸೋಸಿಯೇಷನ್). ವಯಸ್ಸು ಕನಿಷ್ಠ 16.

ಪಾಸ್‌ಪೋರ್ಟ್ ಪ್ರಶ್ನೆಗೆ ಉತ್ತರ: ಒಂದು ದೇಶ ತನ್ನ ನಾಗರಿಕರಿಗೆ, ತನ್ನಲ್ಲಿ ವಾಸವಿರುವವರಿಗೆ, ಜೊತೆಗೆ ಯುಎನ್‌ಇಸಿಇ ಸದಸ್ಯತ್ವ ಇಲ್ಲದ ದೇಶದವರಿಗೆ ಐಸಿಸಿ ಕೊಡಬಹುದು. ಭಾರತ ಸದಸ್ಯ ದೇಶವಲ್ಲ, ಹಾಗಾಗಿ ನಿಯಮದ ಅಡ್ಡಿ ಇಲ್ಲ. ಆದರೆ ನೀವು ಜರ್ಮನಿಯಲ್ಲೋ ನೆದರ್ಲೆಂಡ್ಸ್‌ನಲ್ಲೋ ವಾಸವಿದ್ದರೆ ಆಯಾ ದೇಶದ ಪರೀಕ್ಷೆಯನ್ನೇ ನೋಡಿ. ಅರ್ಜಿ ಹಾಕುವ ಮುಂಚೆ ಕೊಡುವ ಸಂಸ್ಥೆಗೆ ಪಾಸ್‌ಪೋರ್ಟ್ ಯಾವುದು, ವಾಸ ಎಲ್ಲಿ ಎಂದು ಎರಡನ್ನೂ ಬರೆದು ಉತ್ತರವನ್ನು ಬರವಣಿಗೆಯಲ್ಲೇ ತರಿಸಿಕೊಳ್ಳಿ.

ಕಾರ್ಡ್ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಹೆಸರಲ್ಲ, ವರ್ಗ. ಒಳನಾಡು ಬೇರೆ, ಕರಾವಳಿ ಬೇರೆ. ಮೋಟಾರು ಬೇರೆ, ಹಾಯಿ ಬೇರೆ. ಬ್ರಿಟನ್ನಿನ ಕಾರ್ಡಿನಲ್ಲಿ ಮೋಟಾರಿಗೂ 10 ಮೀಟರ್ ಒಳಗೆ, 10 ಮೀಟರ್ ಮೀರಿ ಎಂಬ ಭೇದ ಇದೆ. ಆರ್‌ವೈಎಯ ಪವರ್‌ಬೋಟ್ ಲೆವೆಲ್ 2 ಸರ್ಟಿಫಿಕೇಟ್ ತೋರಿಸಿ ಐಸಿಸಿ ಪಡೆದರೆ 10 ಮೀಟರ್ ಒಳಗಿನದಷ್ಟೇ ಬರುತ್ತದೆ. 18 ಮೀಟರಿನ ಬಾರ್ಜಿಗೆ ಅದು ಬರಿ ಕಾಗದ. ಪರೀಕ್ಷೆಯನ್ನೇ 10 ಮೀಟರ್ ದಾಟಿದ ದೋಣಿಯಲ್ಲಿ ಕೊಡಬೇಕು.

ಇನ್ನು ಕಾರ್ಡಿನಲ್ಲಿ ಒಳನಾಡು ವರ್ಗ ಸೇರಬೇಕಾದರೆ ಸೆವ್ನಿ (ಯುರೋಪಿನ ಒಳನಾಡು ಜಲಮಾರ್ಗಗಳ ಸಂಚಾರ ನಿಯಮಾವಳಿ) ಪರೀಕ್ಷೆ ಬೇರೆಯಾಗಿಯೇ ಪಾಸಾಗಬೇಕು. ಇದನ್ನು ಬಿಟ್ಟು ಅರ್ಜಿ ಹಾಕಿ ಕರಾವಳಿ ಕಾರ್ಡ್ ಹಿಡಿದುಕೊಂಡು ಕಾಲುವೆಗೆ ಬರುವವರಿಗೆ ಲೆಕ್ಕವೇ ಇಲ್ಲ. ಬ್ರಿಟನ್ನಿನ ಐಸಿಸಿ 5 ವರ್ಷ ನಡೆಯುತ್ತದೆ. ನವೀಕರಣಕ್ಕೆ ಸೆವ್ನಿ ಮತ್ತೆ ಬರೆಯುವುದು ಬೇಡ.

ಹಾಯಿಪಟ:
ಐಸಿಸಿ ಇದ್ದರೆ ಎಲ್ಲ ದೇಶದಲ್ಲೂ ಎಲ್ಲ ದೋಣಿಗೂ ಸಾಕು, ಅಲ್ಲವೇ? ಸಮುದ್ರದ ನಿಯಮ ಗೊತ್ತಿದ್ದವರಿಗೆ ಸೆವ್ನಿ ಒಂದು ಸಂಜೆಯ ಓದು. ಅಷ್ಟು ದೊಡ್ಡದು ಮಾಡಬೇಕಾಗಿಲ್ಲ.

ಲಂಗರು:
ಎರಡೂ ಸರಿಯಲ್ಲ ಸರ್.

ಮೊದಲನೆಯದು ಉದ್ದ. ಸೆವ್ನಿಯಲ್ಲಿ ಸಣ್ಣ ದೋಣಿ ಅಂದರೆ ಒಡಲಿನ ಉದ್ದ 20 ಮೀಟರಿಗೆ ಕಡಿಮೆ. ಚುಕ್ಕಾಣಿ, ಮುಂದಕ್ಕೆ ಚಾಚಿದ ಕಂಬ ಲೆಕ್ಕಕ್ಕಿಲ್ಲ. 20 ಮೀಟರ್ ಮುಟ್ಟಿತು ಅಂದರೆ ದೀಪ, ರೇಡಿಯೊ, ದಾರಿ ಬಿಡುವ ಕ್ರಮ ಎಲ್ಲ ಬದಲು. ಫ್ರಾನ್ಸಿನಲ್ಲೂ ಒಳನಾಡಿನ ಸಾಮಾನ್ಯ ಪರ್ಮಿಟ್ 20 ಮೀಟರ್ ಒಳಗೆ. ಅದರ ಮೇಲಕ್ಕೆ ಗ್ರಾಂದ್ ಪ್ಲೆಸಾಂಸ್ ಎಂಬ ಬೇರೆ ಪರ್ಮಿಟ್. 19.9 ಮೀಟರ್ ಎಂದು ಮಾರುವ ಬಾರ್ಜ್ ಕೊಳ್ಳುವಾಗ ಮಾರಾಟಗಾರನ ಮಾತು ಬಿಟ್ಟು ಅಳತೆಯ ಪ್ರಮಾಣಪತ್ರ ಕೇಳಿ. ಹರಿಗೋಲು ಅವರ 18 ಮೀಟರಿಗೆ ಈ ತಲೆನೋವಿಲ್ಲ.

ಎರಡನೆಯದು ದೇಶ. ನೆದರ್ಲೆಂಡ್ಸ್‌ನಲ್ಲಿ 15 ಮೀಟರ್ ಒಳಗಿನ, ಗಂಟೆಗೆ 20 ಕಿ.ಮೀ. ದಾಟಲಾಗದ ದೋಣಿಗೆ ಲೈಸೆನ್ಸೇ ಬೇಡ. 15ರಿಂದ 25 ಮೀಟರಿಗೆ, ಅಥವಾ ಚಿಕ್ಕದಾದರೂ 20 ಕಿ.ಮೀ. ಮೀರಿ ಓಡುವುದಕ್ಕೆ, ಕ್ಲೈನ್ ಫಾರ್‌ಬೆವೈಸ್ ಎಂಬ ಅಲ್ಲಿನ ದೋಣಿ ಲೈಸೆನ್ಸ್ ಬೇಕು, ವಯಸ್ಸು 18. ಅದರಲ್ಲಿ ಒಂದನೆಯದು ನದಿ, ಕಾಲುವೆ, ಸಾಮಾನ್ಯ ಕೆರೆಗಳಿಗೆ. ಎರಡನೆಯದು ಸೇರಿದರೆ ಐಸೆಲ್‌ಮೀರ್, ವಾಡನ್‌ಜೇಯಂಥ ವಿಶಾಲ ನೀರಿಗೂ. ಬರಿ ಥಿಯರಿ ಪರೀಕ್ಷೆ, ಸಿಬಿಆರ್ ಎಂಬ ಅಲ್ಲಿನ ಪರೀಕ್ಷಾ ಸಂಸ್ಥೆ ನಡೆಸುತ್ತದೆ. ಬೆಲ್ಜಿಯಂನಲ್ಲೂ ಗೆರೆ ಬಿದ್ದಿರುವುದು ಅದೇ 15 ಮೀಟರ್, 20 ಕಿ.ಮೀ.ಗೆ. ಫ್ರಾನ್ಸಿನಲ್ಲಿ ಗೆರೆ ಎಂಜಿನ್ನಿನ ಮೇಲೆ: 4.5 ಕಿಲೊವ್ಯಾಟ್, ಅಂದರೆ 6 ಹಾರ್ಸ್‌ಪವರ್ ಮೀರಿದರೆ ಪರ್ಮಿಟ್. ಜರ್ಮನಿಯಲ್ಲಿ 11.03 ಕಿಲೊವ್ಯಾಟ್, 15 ಹಾರ್ಸ್‌ಪವರ್. ರೈನ್ ಮೇಲೆ 5ಕ್ಕೇ ಬೇಕು.

ಅತಿಥಿಯಾಗಿ ಬಂದವರ ಐಸಿಸಿಯನ್ನು ಒಪ್ಪಬೇಕೋ ಬೇಡವೋ ಎಂಬುದು ಆ ನೀರಿನ ದೇಶದ ಕಾನೂನು. ಯಾವ ದೇಶ ಏನು ಒಪ್ಪಿದೆ ಎಂಬ ಪಟ್ಟಿಯನ್ನು ಯುಎನ್‌ಇಸಿಇಯೇ ಪ್ರಕಟಿಸುತ್ತದೆ. ಹೊರಡುವ ಮುಂಚೆ ದಾರಿಯ ಮೂರೂ ದೇಶಗಳನ್ನು ಅದರಲ್ಲಿ ನೋಡಿಕೊಳ್ಳಿ.

ಸೆವ್ನಿ ಒಂದು ಸಂಜೆಯ ಓದು ಎಂಬುದಕ್ಕೆ ನದಿಮುಖ ಅವರು ಹೇಳಲಿ, ಅವರು ಕಲಿಸುವವರು.

ನದಿಮುಖ:
ಸಮುದ್ರದವರೇ ಸೆವ್ನಿಯಲ್ಲಿ ಹೆಚ್ಚು ಎಡವುವುದು. ಹೊಸಬರಿಗೆ ಮರೆಯಬೇಕಾದದ್ದು ಏನೂ ಇರುವುದಿಲ್ಲ.

ಹಾರ್ನ್ ತೆಗೆದುಕೊಳ್ಳಿ. ಚಿಕ್ಕದು ಸುಮಾರು 1 ಸೆಕೆಂಡ್, ಉದ್ದದ್ದು ಸುಮಾರು 4 ಸೆಕೆಂಡ್. ಒಂದು ಚಿಕ್ಕದು ಬಲಕ್ಕೆ, ಎರಡು ಎಡಕ್ಕೆ, ಮೂರು ರಿವರ್ಸ್: ಇಲ್ಲಿಯವರೆಗೆ ಸಮುದ್ರದ್ದೇ. ನಾಲ್ಕು ಚಿಕ್ಕದು ಅಂದರೆ ನನ್ನ ದೋಣಿ ಹಿಡಿತದಲ್ಲಿಲ್ಲ. ಐದು ಚಿಕ್ಕದು ಸಮುದ್ರದಲ್ಲಿ ‘ನಿಮ್ಮ ಉದ್ದೇಶ ಗೊತ್ತಾಗುತ್ತಿಲ್ಲ’. ಒಳನಾಡಿನಲ್ಲಿ ‘ನನ್ನನ್ನು ಓವರ್‌ಟೇಕ್ ಮಾಡಬೇಡಿ’. ತೀರ ಗಿಡ್ಡ ಶಬ್ದಗಳು ಸಾಲಾಗಿ ಬಂದರೆ ಡಿಕ್ಕಿ ಸನಿಹದಲ್ಲಿದೆ ಎಂದು. ಒಂದು ಉದ್ದ, ಹಿಂದೆಯೇ ಒಂದು ಚಿಕ್ಕದು ಬಂದರೆ ಮುಂದಿನ ಬಾರ್ಜ್ ಬಲಕ್ಕೆ ಪೂರ್ತಿ ತಿರುಗಲಿದೆ. 80 ಮೀಟರಿನದು ನದಿಗೆ ಅಡ್ಡ ಬರುತ್ತದೆ, ನೀವು ಅಲ್ಲೇ ನಿಲ್ಲಿ.

ದಂಡೆ ಎಡವೋ ಬಲವೋ ಎಂಬುದನ್ನು ನೀರು ಹರಿಯುವ ದಿಕ್ಕಿಗೆ ಮುಖ ಮಾಡಿ ಹೇಳಬೇಕು. ಬಲಕ್ಕೆ ಕೆಂಪು ಡಬ್ಬಿಯಾಕಾರದ ತೇಲುಬುರುಡೆ, ಎಡಕ್ಕೆ ಹಸಿರು ಶಂಕು. ಪ್ರವಾಹಕ್ಕೆ ಎದುರಾಗಿ ಹೋಗುವವರಿಗೆ ಕೆಂಪು ಎಡಕ್ಕೆ ಬರುತ್ತದೆ. ನದಿಯಲ್ಲಿ ಸರಿ, ಕಾಲುವೆಯಲ್ಲಿ ಹರಿವು ಎಲ್ಲಿ? ಕನಾಲ್ ದ್ಯು ಮಿದಿಯಲ್ಲಿ ನೊರೂಜ್ ದಿಬ್ಬದಿಂದ ನೀರು ಒಂದು ಕಡೆ ತುಲೂಸ್‌ಗೆ, ಇನ್ನೊಂದು ಕಡೆ ಮೆಡಿಟರೇನಿಯನ್ ಕಡೆಗೆ ಇಳಿಯುತ್ತದೆ. ಅಂಥಲ್ಲಿ ಯಾವುದನ್ನು ಕೆಳದಿಕ್ಕು ಎನ್ನಬೇಕೆಂದು ಜಲಮಾರ್ಗದ ಅಧಿಕಾರಿಗಳೇ ಗೊತ್ತುಮಾಡುತ್ತಾರೆ. ನಕ್ಷೆಯಲ್ಲಿ ಬಾಣ ಇರುತ್ತದೆ.

ಸೇತುವೆ: ಕಮಾನಿನ ನೆತ್ತಿಯಲ್ಲಿ ಒಂದು ಹಳದಿ ವಜ್ರಾಕೃತಿ ಇದ್ದರೆ ಆ ಕಮಾನಿನಲ್ಲಿ ಹೋಗಿ, ಆದರೆ ಎದುರಿನಿಂದಲೂ ಬರಬಹುದು. ಎರಡು ಇದ್ದರೆ ಎದುರಿನಿಂದ ಬರುವಂತಿಲ್ಲ. ಕೆಂಪು-ಬಿಳಿ-ಕೆಂಪು ಅಡ್ಡಪಟ್ಟಿ ಇದ್ದರೆ ಪ್ರವೇಶ ಇಲ್ಲ. ಪರೀಕ್ಷೆಯಲ್ಲಿ ಒಂದು, ಎರಡನ್ನು ಅದಲುಬದಲು ಮಾಡಿ ಕೇಳುವುದು ಕಾಯಂ.

ಲಾಕ್ (ನೀರಿನ ಮಟ್ಟ ಏರಿಸಿ, ಇಳಿಸಿ ದೋಣಿ ದಾಟಿಸುವ ಗೇಟಿನ ತೊಟ್ಟಿ) ದೀಪ: ಒಂದು ಕೆಂಪು ಇದ್ದರೆ ಮುಚ್ಚಿದೆ, ಕಾಯಿರಿ. ಕೆಂಪು ಪಕ್ಕದಲ್ಲಿ ಹಸಿರೂ ಹತ್ತಿದರೆ ತೆರೆಯಲು ಸಿದ್ಧವಾಗುತ್ತಿದೆ, ಹಗ್ಗ ಬಿಚ್ಚಿಕೊಳ್ಳಿ, ಒಳಗೆ ಹೋಗಬೇಡಿ. ಹಸಿರೊಂದೇ ಉಳಿದರೆ ಹೋಗಿ. ಒಂದರ ಮೇಲೊಂದು ಎರಡು ಕೆಂಪು ಅಂದರೆ ಲಾಕ್ ಕೆಲಸವನ್ನೇ ಮಾಡುತ್ತಿಲ್ಲ, ಲಂಗರು ಹಾಕಿ ಊಟ ಮಾಡಿ.

ಕೊನೆಗೆ ನೀಲಿ ಹಲಗೆ, ಎಲ್ಲಕ್ಕಿಂತ ಮುಖ್ಯ. ಪ್ರವಾಹಕ್ಕೆ ಎದುರಾಗಿ ಬರುವ ದೊಡ್ಡ ಹಡಗು ತಿರುವಿನಲ್ಲಿ ಪ್ರವಾಹ ಕಡಿಮೆ ಇರುವ ಒಳಬದಿ ಹಿಡಿಯಲು ಎಡಕ್ಕೆ ಸರಿಯುತ್ತದೆ. ಆಗ ಬಲಬದಿಯಲ್ಲಿ ತಿಳಿನೀಲಿ ಹಲಗೆ ಎತ್ತಿ, ಅದರ ನಡುವೆ ಬಿಳಿ ದೀಪ ಮಿನುಗಿಸುತ್ತದೆ. ಬಲಬದಿಗೆ ಬಲಬದಿ ಎದುರಾಗುವಂತೆ ದಾಟೋಣ ಎಂದು. ಇದು ಆ ಹಡಗು ಮತ್ತು ಎದುರಿನ ಇನ್ನೊಂದು ದೊಡ್ಡ ಹಡಗಿನ ನಡುವಿನ ಮಾತು. ನೀವು ಉತ್ತರ ಕೊಡಬೇಕಾಗಿಲ್ಲ. ಆದರೆ ಕಂಡ ತಕ್ಷಣ ಅದು ಎಲ್ಲಿಗೆ ಬರುತ್ತದೆ ಎಂದು ಅರಿತು ಆ ಜಾಗದಿಂದ ಕದಲಬೇಕು. ಸಣ್ಣ ದೋಣಿ ದೊಡ್ಡದಕ್ಕೆ ದಾರಿ ಬಿಡುವುದು ಸೆವ್ನಿಯ ಮೂಲ ನಿಯಮ, ಹಾಯಿ ಎತ್ತಿದ್ದರೂ ವಿನಾಯಿತಿ ಇಲ್ಲ. ಹಾಯಿಗೆ ಆದ್ಯತೆ ಸಿಗುವುದು ಸಣ್ಣ ಮೋಟಾರು ದೋಣಿ, ಹುಟ್ಟು ಹಾಕುವ ದೋಣಿಗಳ ಎದುರಿಗೆ ಮಾತ್ರ.

ಹಾಯಿಪಟ:
ಐದು ಹಾರ್ನ್ ವಿಷಯ ಗೊತ್ತಿರಲಿಲ್ಲ. ಸಂಜೆಯ ಮಾತು ವಾಪಸ್. ನೀಲಿ ಶಂಕುಗಳ ಬಗ್ಗೆಯೂ ಬರೆಯಿರಿ, ಟ್ಯಾಂಕರ್‌ಗಳ ಮೇಲೆ ಇರುತ್ತವಲ್ಲ.

ನದಿಮುಖ:
ತುದಿ ಕೆಳಕ್ಕೆ ಮಾಡಿ ನೇತುಹಾಕಿದ ನೀಲಿ ಶಂಕು ಅಪಾಯದ ಸರಕಿನ ಗುರುತು. ರಾತ್ರಿ ಅಷ್ಟೇ ಸಂಖ್ಯೆಯ ನೀಲಿ ದೀಪ. ಒಂದು ಬೆಂಕಿ ಹತ್ತುವ ವಸ್ತು, ಎರಡು ಆರೋಗ್ಯಕ್ಕೆ ಹಾನಿ, ಮೂರು ಸ್ಫೋಟಕ. ಅವುಗಳ ಬಳಿ ದೋಣಿ ಕಟ್ಟಬೇಕಾದರೆ ಕ್ರಮವಾಗಿ 10, 50, 100 ಮೀಟರ್ ದೂರ. ಲಾಕ್ ಮುಂದೆ ಸಾಲಿನಲ್ಲಿ ಎರಡು ಶಂಕಿನದು ಇದ್ದರೆ ಅದರ ಜೊತೆ ಒಳಗೆ ಹೋಗುವ ಯೋಚನೆ ಬಿಡಿ.

ಹರಿಗೋಲು:
ಪ್ರಾಯೋಗಿಕ ಪರೀಕ್ಷೆಯಲ್ಲಿ ಏನೇನು ಮಾಡಿಸುತ್ತಾರೆ? ಜರ್ಮನಿಯದ್ದು ಕಷ್ಟ ಎನ್ನುತ್ತಾರೆ.

ಕಾಲುವೆದಾರಿ:
ಜರ್ಮನಿಯ ಒಳನಾಡು ದೋಣಿ ಲೈಸೆನ್ಸ್, ಸ್ಪೋರ್ಟ್‌ಬೋಟ್‌ಫ್ಯೂರರ್‌ಶೈನ್ ಬಿನ್ನೆನ್, ಕಷ್ಟವಲ್ಲ, ಶಿಸ್ತು ಜಾಸ್ತಿ. 300 ಪ್ರಶ್ನೆಗಳ ಭಂಡಾರವನ್ನು ಎಲ್ವಿಸ್ ಎಂಬ ಸರ್ಕಾರಿ ಜಾಲತಾಣದಲ್ಲೇ ಇಟ್ಟಿದ್ದಾರೆ. ಮೋಟಾರಿಗೆ 30 ಪ್ರಶ್ನೆ: 7 ಮೂಲಭೂತದಲ್ಲಿ 5, ಉಳಿದ 23ರಲ್ಲಿ 18 ಸರಿ ಇರಬೇಕು. ಎರಡರಲ್ಲೂ ಬೇರೆ ಬೇರೆಯಾಗಿ ಪಾಸಾಗಬೇಕು, ಒಂದರ ಅಂಕ ಇನ್ನೊಂದಕ್ಕೆ ಸೇರುವುದಿಲ್ಲ. ಪ್ರಶ್ನೆ ಜರ್ಮನ್ ಭಾಷೆಯಲ್ಲಿ. ದೃಷ್ಟಿ, ಬಣ್ಣ ಗುರುತಿಸುವಿಕೆ, ಕಿವಿ ಮೂರಕ್ಕೂ ವೈದ್ಯರ ಸರ್ಟಿಫಿಕೇಟ್ ಬೇಕು. ಗಂಟುಗಳನ್ನೂ ಕಟ್ಟಿಸುತ್ತಾರೆ.

ಪ್ರಾಯೋಗಿಕದಲ್ಲಿ ಯಾವ ದೇಶವಾದರೂ ತಿರುಳು ಒಂದೇ: ಜೊತೆಗಿರುವವರಿಗೆ ಸುರಕ್ಷತೆಯ ಮಾತು, ಎಂಜಿನ್ ಶುರು, ದಂಡೆ ಬಿಡುವುದು, ಇಕ್ಕಟ್ಟಿನಲ್ಲಿ ತಿರುಗುವುದು, ನೀರಿಗೆ ಬಿದ್ದವರನ್ನು ಎತ್ತುವುದು, ದಂಡೆಗೆ ಕಟ್ಟುವುದು. ಎಂಜಿನ್ ಶುರುವಾದ ಮೇಲೆ ತಲೆ ಹೊರಗೆ ಹಾಕಿ ಎಕ್ಸಾಸ್ಟ್‌ನಿಂದ ತಂಪುನೀರು ಉಗುಳುತ್ತಿದೆಯಾ ಎಂದು ನೋಡಿ, ಪರೀಕ್ಷಕರ ಕಣ್ಣು ಅಲ್ಲೇ ಇರುತ್ತದೆ. ನೀರು ಬರದಿದ್ದರೆ ಬಹುಪಾಲು ಜೊಂಡು ಫಿಲ್ಟರ್ ಕಟ್ಟಿರುತ್ತದೆ. ಹಳೆಯ ಬಾರ್ಜ್‌ಗಳಲ್ಲಿ ಒಡಲಿನ ಮೂಲಕವೇ ತಂಪಾಗುವ ಮುಚ್ಚಿದ ವ್ಯವಸ್ಥೆ ಇದ್ದರೆ ನೀರು ಉಗುಳುವುದೇ ಇಲ್ಲ. ಅಲ್ಲಿ ತಾಪಮಾನದ ಮುಳ್ಳು ನೋಡಬೇಕು.

ಹೆಚ್ಚು ಜನ ಸೋಲುವುದು ಇಕ್ಕಟ್ಟಿನ ತಿರುವಿನಲ್ಲಿ. ಒಂದೇ ಪ್ರೊಪೆಲ್ಲರ್ ಇರುವ ದೋಣಿಗೆ ರಿವರ್ಸ್ ಹಾಕಿದರೆ ಹಿಂಭಾಗ ಒಂದು ಪಕ್ಕಕ್ಕೆ ಜಾರುತ್ತದೆ. ಮುಂದೋಟದಲ್ಲಿ ಬಲಕ್ಕೆ ಸುತ್ತುವ ಪ್ರೊಪೆಲ್ಲರ್ ಆದರೆ ಎಡಕ್ಕೆ. ಹಾಗಾಗಿ ಬಲಕ್ಕೆ ತಿರುಗಿ. ಚುಕ್ಕಾಣಿ ಪೂರ್ತಿ ಬಲಕ್ಕೆ ಹಾಕಿ ಅಲ್ಲೇ ಬಿಡಿ, ಮುಂದಕ್ಕೆ ಒಂದು ಸಣ್ಣ ಜೋರು, ನ್ಯೂಟ್ರಲ್, ಎಣಿಸಿ ಎರಡು, ರಿವರ್ಸ್ ಒಂದು ಸಣ್ಣ ಜೋರು. ದೋಣಿ ಹೆಚ್ಚು ಮುಂದೆ ಸಾಗದೆ ತನ್ನ ಜಾಗದಲ್ಲೇ ಸುತ್ತುತ್ತದೆ. ರಿವರ್ಸ್‌ಗೆ ಹೋದಾಗ ಸ್ಟೀರಿಂಗ್ ಎಡಕ್ಕೆ ತಿರುಗಿಸುವುದು ಕಾರಿನ ಅಭ್ಯಾಸ. ಆ ವೇಗದಲ್ಲಿ ಅದರಿಂದ ಏನೂ ಆಗದು, ಮತ್ತೆ ಮುಂದಕ್ಕೆ ಹಾಕಿದಾಗ ಮಾತ್ರ ಮಾಡಿದ ತಿರುವು ಕೆಡುತ್ತದೆ. ಗಾಳಿ ಇದ್ದರೆ ಮೂತಿ ಗಾಳಿಗೆ ಎದುರಾಗುವ ಕಡೆಗೆ ಶುರು ಮಾಡಿ.

ನೀರಿಗೆ ಬಿದ್ದವರ ಅಭ್ಯಾಸದಲ್ಲಿ ಮೊದಲ ಕೆಲಸ ನ್ಯೂಟ್ರಲ್. ಕೂಗು, ಬೆರಳು ತೋರಿಸುತ್ತ ನಿಲ್ಲಲು ಒಬ್ಬರು, ಹಿಂಭಾಗ ಆ ವ್ಯಕ್ತಿಯಿಂದ ದೂರ ಸರಿಯುವಂತೆ ಚುಕ್ಕಾಣಿ ಆ ಕಡೆಗೇ. ವಾಪಸ್ ಬರುವುದು ಪ್ರವಾಹಕ್ಕೆ ಎದುರಾಗಿ. ಕೈಗೆ ಸಿಕ್ಕಾಗಲೂ ಪ್ರೊಪೆಲ್ಲರ್ ಸುತ್ತುತ್ತಿದ್ದರೆ ಫೇಲ್, ಆಗಲೇಬೇಕು.

ಲಂಗರು:
ಕಾಲುವೆಯಲ್ಲಿ ನಿಜವಾದ ಪರೀಕ್ಷೆ ಲಾಕ್, ಅದನ್ನು ಯಾವ ಪರೀಕ್ಷಕರೂ ಪೂರ್ತಿ ಕೇಳುವುದಿಲ್ಲ. ಏರುವ ಲಾಕ್‌ನಲ್ಲಿ ನೀರು ಮುಂದಿನಿಂದ ನುಗ್ಗುತ್ತದೆ, ಮೂತಿಯನ್ನು ಒದ್ದು ಆಚೆ ತಳ್ಳುತ್ತದೆ. ಆದ್ದರಿಂದ ಮೂತಿಯ ಹಗ್ಗ ಮೊದಲು, ಬಿಗಿಯಾಗಿ, ನೀರು ಏರಿದಂತೆ ಎಳೆದುಕೊಳ್ಳುತ್ತ ಹೋಗಿ. ಇಳಿಯುವ ಲಾಕ್ ಶಾಂತ, ಅದಕ್ಕೇ ಅಪಾಯ. ಹಗ್ಗವನ್ನು ದಂಡೆಯ ಗೂಟಕ್ಕೆ ಒಂದು ಸುತ್ತು ಹಾಕಿ ತುದಿ ಕೈಯಲ್ಲಿ ಹಿಡಿದಿರಬೇಕು. ಗಂಟು ಹಾಕಿದರೆ ನೀರು ಇಳಿದಂತೆ ದೋಣಿ ಹಗ್ಗಕ್ಕೆ ನೇತುಬೀಳುತ್ತದೆ. ಭಾರ ಬಿದ್ದ ಗಂಟು ಕೈಯಿಂದ ಬಿಚ್ಚಲು ಆಗುವುದಿಲ್ಲ. ಹಗ್ಗ ಕಡಿಯಲು ಚಾಕು ಕೈಗೆಟುಕುವಲ್ಲಿರಲಿ. ಹಿಂದಿನ ಗೇಟಿನ ಕೆಳಗೆ ಕಲ್ಲಿನ ಮೆಟ್ಟಿಲೊಂದು ಇರುತ್ತದೆ, ತುಂಬಿದಾಗ ಕಾಣದು. ದೋಣಿಯ ಹಿಂಭಾಗ ಅದರ ಮೇಲೆ ಕೂತರೆ ಮುಂಭಾಗ ಮಾತ್ರ ಇಳಿದು ಒಳಗೆ ನೀರು ನುಗ್ಗುತ್ತದೆ. ಗೋಡೆಯ ಮೇಲಿನ ಗೆರೆಗಿಂತ ಮುಂದಿರಿ. ಹಗ್ಗವನ್ನು ಬೆರಳಿಗೆ, ಮುಂಗೈಗೆ ಸುತ್ತಿಕೊಳ್ಳಬೇಡಿ.

ದೊಡ್ಡ ಬಾರ್ಜ್ ಜೊತೆಗಿದ್ದರೆ ಅದು ಮೊದಲು ಒಳಗೆ, ನೀವು ಹಿಂದೆ, ಅದರ ಪ್ರೊಪೆಲ್ಲರ್ ನಿಂತ ಮೇಲೆ. ಹೊರಡುವಾಗಲೂ ಅದು ಹೋಗಿ ನೀರು ತಣಿಯುವವರೆಗೆ ಹಗ್ಗ ಬಿಡಬೇಡಿ.

ಹರಿಗೋಲು:
ಬಾರ್ಜಿನಲ್ಲಿ ರೇಡಿಯೊ ಇದೆ. ಅದಕ್ಕೂ ಪ್ರತ್ಯೇಕ ಲೈಸೆನ್ಸಾ?

ನದಿಮುಖ:
ಎರಡು: ಉಪಕರಣಕ್ಕೆ ಒಂದು, ಮಾತಾಡುವವರಿಗೆ ಒಂದು. ಐಸಿಸಿಯಲ್ಲಿ ರೇಡಿಯೊ ಸೇರಿಲ್ಲ. ರೇನ್‌ವಾಟ್ ಎಂಬ ಒಳನಾಡು ಜಲಮಾರ್ಗಗಳ ರೇಡಿಯೊ ಒಪ್ಪಂದದ ದೇಶಗಳಲ್ಲಿ ವಿಎಚ್‌ಎಫ್ ರೇಡಿಯೊ ಸೆಟ್‌ನಲ್ಲಿ ಏಟಿಸ್ ಇರಲೇಬೇಕು: ಮಾತು ಮುಗಿಸಿ ಬಟನ್ ಬಿಟ್ಟಾಗ ದೋಣಿಯ ಗುರುತಿನ ಸಂಖ್ಯೆ ತಾನಾಗಿ ಹೋಗುತ್ತದೆ. ಆ ಸಂಖ್ಯೆ 10 ಅಂಕಿ, ಶುರು 9ರಿಂದ. ಕೈಯಲ್ಲಿ ಹಿಡಿಯುವ ಸೆಟ್‌ಗೂ ಇದೇ ನಿಯಮ. ಸಮುದ್ರದ ಸೆಟ್ ಆದರೆ ಮೆನುವಿನಲ್ಲಿ ಏಟಿಸ್ ಆನ್ ಮಾಡಿ. ಸಮುದ್ರದ ಸೆಟ್‌ನ ಡಿಜಿಟಲ್ ಕರೆ ಸೌಲಭ್ಯ ಡಿಎಸ್‌ಸಿಯನ್ನು ಇಲ್ಲಿ ಬಳಸುವಂತಿಲ್ಲ. ಹಡಗಿನಿಂದ ಹಡಗಿಗೆ ಚಾನೆಲ್ 10, ಕಡಿಮೆ ಪವರ್‌ನಲ್ಲಿ. ಲಾಕ್‌ಗಳ ಚಾನೆಲ್ ದಂಡೆಯ ನೀಲಿ ಫಲಕದಲ್ಲಿ ಬರೆದಿರುತ್ತದೆ.

ಹರಿಗೋಲು:
ತುಂಬ ಉಪಕಾರ. ಹಾಗಾದರೆ ಕ್ರಮ: ಬಾಡಿಗೆ ವಾರ ಮೊದಲು, ಸೆವ್ನಿ, 10 ಮೀಟರ್ ಮೀರಿದ ದೋಣಿಯಲ್ಲಿ ಪ್ರಾಯೋಗಿಕ, ರೇಡಿಯೊ, ಆಮೇಲೆ ಬಾರ್ಜ್. ಬಾರ್ಜ್ ನೋಡುವಾಗ ಉದ್ದ ಬಿಟ್ಟು ಬೇರೇನು?

ಕಾಲುವೆದಾರಿ:
ಎತ್ತರ. ಫ್ರಾನ್ಸಿನ ಫ್ರೆಸಿನೆ ಅಳತೆಯ ಲಾಕ್‌ಗಳು 5 ಮೀಟರಿಗೆ ತುಸು ಮೇಲೆ ಅಗಲ, 38 ಮೀಟರಿನ ಬಾರ್ಜ್‌ಗಳಿಗೆಂದೇ ಕಟ್ಟಿದವು, ನಿಮ್ಮದು ಆರಾಮವಾಗಿ ಹಿಡಿಸುತ್ತದೆ. ಅಡ್ಡಿ ಬರುವುದು ಸೇತುವೆ. ಕನಾಲ್ ದ್ಯು ಮಿದಿಯ ಕಮಾನುಗಳಲ್ಲಿ ನಡುವೆ ಸಿಗುವ ಎತ್ತರ ಬದಿಗೆ ಹೋದಂತೆ ಬೇಗ ಕಡಿಮೆಯಾಗುತ್ತದೆ, ಕಾಪೆಸ್ತಾಂಗ್ ಸೇತುವೆ ಅದಕ್ಕೇ ಹೆಸರುವಾಸಿ. ವೀಲ್‌ಹೌಸ್ (ಚುಕ್ಕಾಣಿ ಕೋಣೆ) ಮಡಚಲು ಬರುತ್ತದಾ, ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನಿಂತು ಮಾಡಿಸಿ ನೋಡಿ. ನೀರಿನಿಂದ ಅತಿ ಎತ್ತರದ ಬಿಂದುವಿಗೆ ನೀವೇ ಟೇಪ್ ಹಿಡಿಯಿರಿ, ನಡುವಿನಲ್ಲೂ ಎರಡೂ ಮೂಲೆಯಲ್ಲೂ. ನೀರಿನ ಟ್ಯಾಂಕ್, ಡೀಸೆಲ್ ಖಾಲಿ ಇದ್ದಾಗ ಅಳೆಯಿರಿ, ದೋಣಿ ಅತಿ ಎತ್ತರಕ್ಕೆ ತೇಲುವುದು ಆಗಲೇ.

ಫ್ರಾನ್ಸಿನ ಜಲಮಾರ್ಗಕ್ಕೆ ಅಲ್ಲಿನ ಜಲಮಾರ್ಗ ಸಂಸ್ಥೆ ವಿಎನ್‌ಎಫ್‌ನ ವಿನ್ಯೆಟ್, ಅಂದರೆ ಶುಲ್ಕದ ಚೀಟಿ, ಕೊಳ್ಳಬೇಕು, ಅವಧಿಗೆ ತಕ್ಕ ದರ. ಚಳಿಗಾಲದಲ್ಲಿ ದುರಸ್ತಿಗೆ ಮುಚ್ಚುವ ಲಾಕ್‌ಗಳ ಪಟ್ಟಿಯೂ ವಿಎನ್‌ಎಫ್ ಬಳಿಯೇ ಸಿಗುತ್ತದೆ. ದಾರಿಯ ಯಾವ ಲಾಕ್ ಯಾವಾಗ ಮುಚ್ಚುತ್ತದೆ ಎಂದು ನೋಡಿಕೊಂಡೇ ಬಾರ್ಜ್ ಕೈಗೆ ಪಡೆಯುವ ದಿನ ಗೊತ್ತುಮಾಡಿ.